‘ತಾಳು’ ಎನ್ನುವವರ ಹೊಣೆ

ಕನ್ನಡದ ‘ತಾಳು’ ಬರೀ ಕಾಯುವುದನ್ನು ಹೇಳುವ ಮಾತಲ್ಲ. ರೂಪ ತಾಳುತ್ತದೆ, ಮೌನ ತಾಳುತ್ತೇವೆ, ನಿಲುವು ತಾಳುತ್ತೇವೆ. ಇಲ್ಲೆಲ್ಲ ಅದರ ಅರ್ಥ ಧರಿಸುವುದು, ತನ್ನದಾಗಿಸಿಕೊಳ್ಳುವುದು. ಬಹುಕಾಲ ಬರುವ ಬಟ್ಟೆಗೆ ‘ತಾಳಿಕೆ’ ಇದೆ ಎನ್ನುತ್ತೇವೆ. ದುಡಿಯಿಂದ ದುಡಿಮೆ ಬಂದಂತೆ ಇದೇ ಕ್ರಿಯೆಯಿಂದ ‘ತಾಳ್ಮೆ’ ಬಂದಿದೆ. ಅಂದರೆ ಅದು ಮಾಡಿ ಮಾಡಿ ಕೈಗೂಡುವಂಥದ್ದು. ಮಕ್ಕಳ ವಿಷಯದಲ್ಲಿ ಮಾತ್ರ ಇದನ್ನು ಮರೆತು, ‘ಇವನಿಗೆ ತಾಳ್ಮೆಯೇ ಇಲ್ಲ’ ಎಂದು ಕಣ್ಣಿನ ಬಣ್ಣದಂತೆ ಹುಟ್ಟಿನಿಂದಲೇ ಬಂದ ಗುಣವಾಗಿ ಮಾಡಿಬಿಡುತ್ತೇವೆ. ಮಗುವಿನ ತಾಳ್ಮೆಯ ಬಹುಪಾಲು ನಿಂತಿರುವುದು ದೊಡ್ಡವರು ಕೊಟ್ಟ ಮಾತಿನ ಮೇಲೆ ಎಂದು ನಾನು ನಂಬಿದ್ದೇನೆ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ವಾಲ್ಟರ್ ಮಿಶೆಲ್ 1960ರ ದಶಕದ ಕೊನೆಯಲ್ಲಿ ಆರಂಭಿಸಿದ ಪ್ರಯೋಗಗಳು ಹೆಸರುವಾಸಿ. ಒಂದು ಸಿಹಿಯನ್ನು ಈಗಲೇ ತಿನ್ನಬಹುದು, ತಾಳಿದರೆ ಎರಡು ಸಿಗುತ್ತವೆ. ಹೆಚ್ಚು ಹೊತ್ತು ಕಾದ ಮಕ್ಕಳು ಮುಂದೆ ಓದಿನಲ್ಲೂ ಮುಂದಿದ್ದರು ಎಂಬ ಫಲಿತಾಂಶ ಲೋಕವನ್ನೆಲ್ಲ ಸುತ್ತಿತು. 2018ರಲ್ಲಿ ಟೈಲರ್ ವಾಟ್ಸ್ ಮತ್ತು ಸಂಗಡಿಗರು ಸುಮಾರು 900 ಮಕ್ಕಳ ದಾಖಲೆ ಪರಿಶೀಲಿಸಿದಾಗ, ಮನೆಯ ಸ್ಥಿತಿಗತಿಯನ್ನು ಲೆಕ್ಕಕ್ಕೆ ತೆಗೆದುಕೊಂಡೊಡನೆ ಆ ನಂಟು ಬಹಳ ಸಡಿಲವಾಯಿತು. ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುವುದು ಸೆಲೆಸ್ಟ್ ಕಿಡ್ ಮತ್ತು ಸಂಗಡಿಗರು ರೋಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನ. ಸಿಹಿ ಮುಂದಿಡುವ ಮೊದಲು ಮಕ್ಕಳಿಗೆ ಸವೆದ ಬಣ್ಣದ ಕಡ್ಡಿ ಕೊಟ್ಟು, ‘ತಾಳು, ಒಳ್ಳೆಯದು ತರುತ್ತೇನೆ’ ಎನ್ನಲಾಯಿತು. ಅರ್ಧ ಮಕ್ಕಳಿಗೆ ಹೇಳಿದ್ದನ್ನು ತಂದುಕೊಟ್ಟರು. ಉಳಿದವರಿಗೆ ‘ಇಲ್ಲವಲ್ಲ, ಕ್ಷಮಿಸು’ ಎಂದರು. ಆಮೇಲೆ ಸಿಹಿಯ ಮುಂದೆ ಮೊದಲ ಗುಂಪು ಸರಾಸರಿ 12 ನಿಮಿಷ ಕಾಯಿತು, ಎರಡನೆಯದು 3 ನಿಮಿಷ. ಮಕ್ಕಳು 28 ಮಂದಿ ಮಾತ್ರ, ನಿಜ. ಆದರೂ ಅಂತರ ದೊಡ್ಡದು, ಅದರ ಕಾರಣವೂ ಸ್ಪಷ್ಟ: ಮಾತು ತಪ್ಪುವವರ ಮುಂದೆ ಕೈಗೆ ಸಿಕ್ಕಿದ್ದನ್ನು ತಿಂದುಬಿಡುವುದು ಮಗುವಿನ ವಿವೇಕ. ದೆವ್ವ ಒಳಗೆ ಬರದಿರಲೆಂದು ನಮ್ಮಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರು. ಎಂದೂ ಬಾರದ ನಾಳೆ ಅದು. ಆಟಿಕೆ ಕೇಳಿದ ಮಗುವಿಗೆ ನಾವು ಹೇಳುವ ‘ನಾಳೆ’ ಎಷ್ಟೋ ಸಲ ಅಂಥದ್ದೇ.

ತಪ್ಪು ನಮ್ಮದಲ್ಲ, ಬೆರಳು ಸೋಕಿದರೆ ಚಿತ್ರ ಓಡುವ, ಹತ್ತು ನಿಮಿಷದಲ್ಲಿ ಹಾಲು ಮೊಸರು ಬಾಗಿಲಿಗೆ ಬರುವ ಕಾಲದ್ದು ಎನ್ನುವವರಿದ್ದಾರೆ. ಇದನ್ನು ತಳ್ಳಿಹಾಕಲಾರೆ. ಆದರೆ 2018ರಲ್ಲೇ ಪ್ರಕಟವಾದ ಇನ್ನೊಂದು ಹೋಲಿಕೆಯಲ್ಲಿ, ಈ ಶತಮಾನದ ಮೊದಲ ವರ್ಷಗಳ ಅಮೆರಿಕದ ಮಕ್ಕಳು 1960ರ ದಶಕದವರಿಗಿಂತ ಸರಾಸರಿ 2 ನಿಮಿಷ ಹೆಚ್ಚೇ ಕಾದಿದ್ದರು. ಅದು ಹಸುಗೂಸುಗಳ ಕೈಗೂ ಫೋನ್ ಬರುವುದಕ್ಕಿಂತ ಮುಂಚಿನ ಮಾತು ಎನ್ನಬಹುದು. ಹಾಗಿದ್ದರೂ ತಲೆಮಾರಿನಿಂದ ತಲೆಮಾರಿಗೆ ತಾಳ್ಮೆ ಕರಗುತ್ತಲೇ ಬಂದಿದೆ ಎಂಬ ಹಳಹಳಿಕೆ ಅಲ್ಲಿ ನಿಲ್ಲುವುದಿಲ್ಲ. ಬದಲಾಗುವುದು ಯಾವುದಕ್ಕೆ ಕಾಯುವ ರೂಢಿ ಮನೆಯಲ್ಲಿದೆ ಎಂಬುದು. 2022ರ ಅಧ್ಯಯನವೊಂದರಲ್ಲಿ ಜಪಾನಿನ ಮಕ್ಕಳು ತಿಂಡಿಗೆ ಹೆಚ್ಚು ಹೊತ್ತು ಕಾದರು, ಅಮೆರಿಕದವರು ಉಡುಗೊರೆ ಬಿಚ್ಚಲು. ಎಲ್ಲರಿಗೂ ಬಡಿಸಿದ ಮೇಲೆ ಉಣ್ಣುವುದು ಜಪಾನಿನಲ್ಲಿ ದಿನದ ರೂಢಿ. ಅಮೆರಿಕದಲ್ಲಿ ಹುಟ್ಟುಹಬ್ಬದ ಪೊಟ್ಟಣಕ್ಕೆ ಕಾಯುವುದು. ನಮ್ಮ ಪಂಕ್ತಿಯ ಊಟವೂ ಇಂಥದ್ದೇ: ಕೋಸಂಬರಿ, ಪಲ್ಯ, ಅನ್ನ, ತೊವ್ವೆ ಎಲೆಗೆ ಬಿದ್ದರೂ ಮಗು ಕೈ ಹಾಕುವುದಿಲ್ಲ. ಅಕ್ಕಪಕ್ಕದ ಹಿರಿಯರೂ ಕಾಯುತ್ತಿದ್ದಾರೆ. ತುಪ್ಪ ಬಂದೇ ಬರುತ್ತದೆ ಎಂಬುದೂ ಗೊತ್ತು. ಪ್ರತಿಯೊಬ್ಬರೂ ತಟ್ಟೆ ಹಿಡಿದು ಟಿವಿ ಮುಂದೆ ಕೂರುವ ಮನೆಯಲ್ಲಿ ಈ ಪಾಠ ಎಷ್ಟು ಬೈದರೂ ಮೈಗೂಡುವುದಿಲ್ಲ.

ಇನ್ನೊಂದು ಆಕ್ಷೇಪ ನನ್ನನ್ನು ಹೆಚ್ಚು ಕಾಡುತ್ತದೆ. ‘ತಾಳಿದವನು ಬಾಳಿಯಾನು’ ಎಂಬ ಗಾದೆಯನ್ನು ಸೊಸೆಯಂದಿರಿಗೂ ಜೀತದವರಿಗೂ ಬಾಯಿ ಮುಚ್ಚಿಸಲು ಬಳಸಿದ್ದೇವೆ. ಅದನ್ನೇ ಮಕ್ಕಳಿಗೆ ಕಲಿಸಬೇಕೆ? ಬೇಡ. ಕೊನೆಯೇ ಇಲ್ಲದ ಕಷ್ಟವನ್ನು ನುಂಗುವುದಕ್ಕೂ ಬರಲಿರುವ ಒಂದಕ್ಕಾಗಿ ಕಾಯುವುದಕ್ಕೂ ಒಂದೇ ಮಾತನ್ನು ಬಳಸಿ ಗೊಂದಲ ಮಾಡಿಕೊಂಡಿದ್ದೇವೆ. ಶಾಲೆಯಲ್ಲಿ ಯಾರೋ ದಿನವೂ ಹೊಡೆಯುತ್ತಾರೆ ಎಂದು ಮಗು ಅತ್ತರೆ ‘ತಾಳಿಕೋ’ ಎನ್ನುವಂತಿಲ್ಲ. ‘ತಾಳಲಾರೆ’ ಎಂಬುದೂ ಇದೇ ಕ್ರಿಯೆಯ ರೂಪ. ಅದನ್ನು ಹೇಳಿದಾಗ ಕೇಳುವವರಿದ್ದಾರೆ ಎಂದು ತಿಳಿದ ಮಗುವೇ ಸಿಹಿಗೂ ಸರದಿಗೂ ನೆಮ್ಮದಿಯಿಂದ ಕಾದೀತು.