ಬೆಳ್ಳಕ್ಕಿ ಚಿತ್ರಗಳ ಪ್ರಭೇದ ನಿರ್ಣಯ: ಬಾಯಿಸೀಳೆಂಬ ಆಧಾರ

ಕರ್ನಾಟಕದ ಒಳನಾಡಿನ ಕೆರೆ, ಗದ್ದೆ, ಹೊಳೆಯಂಚುಗಳಲ್ಲಿ ಮೈಯೆಲ್ಲ ಬಿಳಿಯಾಗಿ ಕಾಣುವ ಬೆಳ್ಳಕ್ಕಿಗಳು ನಾಲ್ಕು ಬಗೆಯವು: ದೊಡ್ಡ ಬೆಳ್ಳಕ್ಕಿ (ಆರ್ಡಿಯಾ ಆಲ್ಬಾ), ಮಧ್ಯಮ ಬೆಳ್ಳಕ್ಕಿ (ಆರ್ಡಿಯಾ ಇಂಟರ್‌ಮೀಡಿಯಾ), ಸಣ್ಣ ಬೆಳ್ಳಕ್ಕಿ (ಎಗ್ರೆಟ್ಟಾ ಗಾರ್ಜೆಟ್ಟಾ) ಮತ್ತು ಗೋವಕ್ಕಿ (ಬುಬುಲ್ಕಸ್ ಕೊರೊಮ್ಯಾಂಡಸ್). ಛಾಯಾಚಿತ್ರ ನೋಡಿ ಇವುಗಳಿಗೆ ಹೆಸರಿಡುವಾಗ ಕೊನೆಯ ಎರಡು ಅಷ್ಟಾಗಿ ತೊಡಕು ಕೊಡುವುದಿಲ್ಲ. ತೊಡಕೆಲ್ಲ ಮಧ್ಯಮ ಬೆಳ್ಳಕ್ಕಿಯ ಸುತ್ತಲೇ ಇದೆ. ಚಿತ್ರದಲ್ಲಿ ಈ ಹಕ್ಕಿಯನ್ನು ದೊಡ್ಡ ಬೆಳ್ಳಕ್ಕಿಯಿಂದ ಬೇರ್ಪಡಿಸಲು ಗಾತ್ರ ಮತ್ತು ಬಣ್ಣಗಳನ್ನು ನೆಚ್ಚುವ ರೂಢಿ ದುರ್ಬಲವಾದದ್ದು, ತಲೆಯ ರಚನೆಯೇ ಮೊದಲ ಆಧಾರವಾಗಬೇಕು ಎಂಬುದು ಈ ಲೇಖನದ ವಾದ.

1940ರ ದಶಕದ ಆರಂಭದಲ್ಲಿ ಪ್ರಕಟವಾದ ಸಲೀಂ ಅಲಿಯವರ ಮೈಸೂರು ಪಕ್ಷಿ ಸಮೀಕ್ಷೆಯ ಕಾಲಕ್ಕೆ ಅನುಮಾನ ಬಂದರೆ ಸಂಗ್ರಹಿಸಿದ ಮಾದರಿಯನ್ನು ಕೈಗೆತ್ತಿಕೊಂಡು ಕೊಕ್ಕು, ರೆಕ್ಕೆ, ಕಾಲುಗಳನ್ನು ಅಳೆಯಬಹುದಿತ್ತು. ಚಿತ್ರದಲ್ಲಿ ಅಳತೆಗೋಲಿಲ್ಲ. ಪುಸ್ತಕಗಳು ದೊಡ್ಡ ಬೆಳ್ಳಕ್ಕಿಗೆ ಸುಮಾರು 80ರಿಂದ 104 ಸೆಂ.ಮೀ., ಮಧ್ಯಮಕ್ಕೆ 56ರಿಂದ 72 ಸೆಂ.ಮೀ. ಉದ್ದ ಕೊಡುತ್ತವೆ. ಕಾಗದದ ಮೇಲೆ ಇದು ದೊಡ್ಡ ಅಂತರವೇ. ಆದರೆ ಖಾಲಿ ನೀರಿನ ನಡುವೆ ಒಂಟಿಯಾಗಿ ನಿಂತ ಹಕ್ಕಿಯ ಚಿತ್ರದಲ್ಲಿ ಈ ಅಂಕಿಗಳಿಗೆ ಕೆಲಸವಿಲ್ಲ. ಪಕ್ಕದಲ್ಲಿ ಇನ್ನೊಂದು ಹಕ್ಕಿ ಇದ್ದರೂ ಎಚ್ಚರ ಬೇಕು. ದೂರದಿಂದ ಟೆಲಿಫೋಟೊ ಮಸೂರದಲ್ಲಿ ತೆಗೆದ ಚಿತ್ರದಲ್ಲಿ ಮುಂದಿನ ಹಕ್ಕಿಗೂ ಹಿಂದಿನ ಹಕ್ಕಿಗೂ ನಡುವಿನ ಅಂತರ ಕುಗ್ಗಿದಂತೆ ಕಾಣುತ್ತದೆ. ಹಿಂದಿರುವ ಹಕ್ಕಿ ಪಕ್ಕದಲ್ಲೇ ನಿಂತಂತೆ, ತಾನೇ ಗಿಡ್ಡವೆಂಬಂತೆ ತೋರುತ್ತದೆ. ಎರಡರ ಪಾದಗಳೂ ಒಂದೇ ನೀರಂಚಿನ ಗೆರೆಯ ಮೇಲಿದ್ದರೆ ಮಾತ್ರ ಹೋಲಿಕೆಗೆ ಬೆಲೆ.

ಬಣ್ಣದ ಕಥೆ ಇನ್ನೂ ಗೋಜಲು. ಹಳದಿ ಕೊಕ್ಕು ಕಂಡೊಡನೆ ಸಣ್ಣ ಬೆಳ್ಳಕ್ಕಿಯನ್ನು ಪಟ್ಟಿಯಿಂದ ತೆಗೆಯಬಹುದು, ನಿಜ. ಕಪ್ಪು ಕೊಕ್ಕಿನಿಂದ ಅಷ್ಟೇ ಧೈರ್ಯವಾಗಿ ಏನನ್ನೂ ಹೇಳುವಂತಿಲ್ಲ. ಮರಿಮಾಡುವ ಕಾಲಕ್ಕೆ ನಮ್ಮ ದೊಡ್ಡ ಮತ್ತು ಮಧ್ಯಮ ಬೆಳ್ಳಕ್ಕಿಗಳ ಕೊಕ್ಕೂ ಕಪ್ಪಾಗುತ್ತದೆ. ಹೊರಳುವ ವಾರಗಳಲ್ಲಿ ತುದಿ ಕಪ್ಪು, ಬುಡ ಹಳದಿ. ಮಧ್ಯಮ ಬೆಳ್ಳಕ್ಕಿಯ ಹಳದಿ ಕೊಕ್ಕಿಗೆ ಬೇರೆ ಕಾಲದಲ್ಲೂ ಮಬ್ಬು ತುದಿ ಇರುವುದುಂಟು. ಸಣ್ಣ ಬೆಳ್ಳಕ್ಕಿಯ ಪ್ರಸಿದ್ಧ ಹಳದಿ ಪಾದಗಳು ಕೆಸರು ಮೆತ್ತಿಕೊಂಡೋ ನೀರಲ್ಲಿ ಮುಳುಗಿಯೋ ಮರೆಯಾಗುತ್ತವೆ. ಇದರ ಮೇಲೆ ಕ್ಯಾಮೆರಾದ ಪಾಲೂ ಸೇರುತ್ತದೆ. ಸಂಜೆ ಬೆಳಕಿನಲ್ಲಿ ಹಳದಿ ಕಿತ್ತಳೆಯಾಗುತ್ತದೆ. ನಡುಹಗಲ ಬಿಸಿಲಿನಲ್ಲಿ ಬಿಳಿ ಗರಿಗಳು ಸುಟ್ಟುಹೋಗಿ ಮುಖದ ವಿವರವೇ ಅಳಿಸಿಹೋಗುತ್ತದೆ. ಬೆಳ್ಳಕ್ಕಿಯ ಚಿತ್ರ ತೆಗೆಯುವವರು ಎಕ್ಸ್‌ಪೋಶರನ್ನು ಒಂದಿಷ್ಟು ಕಡಿಮೆ ಮಾಡಿಕೊಳ್ಳುವುದು ಅಂದಕ್ಕಿಂತ ಪುರಾವೆಗೆ ಮುಖ್ಯ.

ಹಾಗಾದರೆ ಉಳಿಯುವುದೇನು? ಬಾಯಿಸೀಳು. ಮೇಲ್ಕೊಕ್ಕು ಕೆಳಕೊಕ್ಕುಗಳು ಕೂಡುವ ಗೆರೆ ಮುಖದ ಮೇಲೆ ಹಿಂದಕ್ಕೆ ಸಾಗಿ ಒಂದು ಕಡೆ ನಿಲ್ಲುತ್ತದೆ. ದೊಡ್ಡ ಬೆಳ್ಳಕ್ಕಿಯಲ್ಲಿ ಈ ಗೆರೆ ಕಣ್ಣನ್ನು ದಾಟಿ, ಅದರ ಹಿಂಬದಿಯಲ್ಲಿ ಚೂಪಾಗಿ ಮುಗಿಯುತ್ತದೆ. ಮಧ್ಯಮ ಬೆಳ್ಳಕ್ಕಿಯಲ್ಲಿ ಕಣ್ಣಿನ ಕೆಳಗೇ ನಿಂತುಬಿಡುತ್ತದೆ. ಕೊಕ್ಕು ಕಪ್ಪಾದರೂ ಹಳದಿಯಾದರೂ, ಮುಖದ ಬರಿ ಚರ್ಮ ಹಸಿರಿಗೆ ತಿರುಗಿದರೂ ಗೆರೆಯ ತುದಿ ಜಾಗ ಬದಲಿಸುವುದಿಲ್ಲ. ಪರೀಕ್ಷೆ ಸುಲಭ: ತಲೆಯ ಭಾಗವನ್ನು ಹಿಗ್ಗಿಸಿ, ಕಣ್ಣಿನ ಹಿಂಚಿನಿಂದ ಬಾಯಿಗೆರೆಗೆ ಲಂಬವಾಗಿ ಒಂದು ಗೀಟು ಎಳೆದರೆ ಸೀಳು ಅದರ ಆಚೆಗಿದೆಯೋ ಈಚೆಗಿದೆಯೋ ತಿಳಿಯುತ್ತದೆ. ಹಕ್ಕಿ ಸರಿಯಾಗಿ ಪಕ್ಕಕ್ಕೆ ಮುಖಮಾಡಿರಬೇಕು ಎಂಬುದೊಂದೇ ಷರತ್ತು. ಮುಖ ಒಂದಿಷ್ಟು ನಮ್ಮತ್ತ ತಿರುಗಿದ್ದರೂ ಕಣ್ಣು ಮತ್ತು ಸೀಳಿನ ತುದಿಯ ಸಂಬಂಧ ತಪ್ಪಾಗಿ ಕಾಣುತ್ತದೆ. ಕೆನ್ನೆಯ ನೆರಳನ್ನು ಸೀಳಿನ ಮುಂದುವರಿಕೆ ಎಂದುಕೊಳ್ಳುವುದೂ ಆಗುತ್ತದೆ. ಆದ್ದರಿಂದ ಒಂದೇ ಚಿತ್ರಕ್ಕಿಂತ ಬೆನ್ನುಬೆನ್ನಿಗೆ ತೆಗೆದ ಸರಣಿ ಮೇಲು.

ಎರಡನೆಯ ಸಾಕ್ಷಿ ಕುತ್ತಿಗೆ. ಬಕಗಳ ಕುತ್ತಿಗೆಯಲ್ಲಿ ಇಪ್ಪತ್ತು ಅಥವಾ ಇಪ್ಪತ್ತೊಂದು ಮೂಳೆಗಳಿದ್ದು, ಆರನೆಯದರ ವಿಶೇಷ ಆಕಾರದಿಂದ ಅಲ್ಲಿ ಒಂದು ತಿರುವು ಬರುತ್ತದೆ. ದೊಡ್ಡ ಬೆಳ್ಳಕ್ಕಿಯಲ್ಲಿ ಆ ತಿರುವು ಮುರಿದು ಕೂಡಿಸಿದಂತೆ ಎದ್ದು ಕಾಣುತ್ತದೆ, ಕುತ್ತಿಗೆ ಮೈಗಿಂತ ಸ್ಪಷ್ಟವಾಗಿ ಉದ್ದ, ಹಣೆ ಚಪ್ಪಟೆ, ಕೊಕ್ಕು ನೀಳ. ಮಧ್ಯಮದ್ದು ಮೈಗೆ ತಕ್ಕ ಕುತ್ತಿಗೆ, ಗುಂಡನೆಯ ತಲೆ, ಗಿಡ್ಡ ಕೊಕ್ಕು. ಕುತ್ತಿಗೆ ಮುದುಡಿ ಕೂತ ಹಕ್ಕಿಯಲ್ಲಿ ಇದಾವುದೂ ನಡೆಯದು. ಮರಿಮಾಡುವ ಕಾಲದ ಚಿತ್ರವಾದರೆ ಅಲಂಕಾರದ ಗರಿಗಳನ್ನೂ ನೋಡಬೇಕು. ಸಣ್ಣ ಬೆಳ್ಳಕ್ಕಿಗೆ ನೆತ್ತಿಯ ಹಿಂದೆ ಎರಡು ನೀಳ ಗರಿಗಳಿರುತ್ತವೆ. ಮಧ್ಯಮಕ್ಕೆ ಎದೆ ಮತ್ತು ಬೆನ್ನಿನ ಮೇಲೆ, ದೊಡ್ಡದಕ್ಕೆ ಬೆನ್ನಿನ ಮೇಲೆ ಮಾತ್ರ. ಈ ಎರಡು ಹಕ್ಕಿಗಳನ್ನು ಯಾವ ಕುಲಕ್ಕೆ ಸೇರಿಸಬೇಕೆಂದು ವರ್ಗೀಕರಣಕಾರರೇ ಬಹುಕಾಲ ತಡಕಾಡಿದ್ದಾರೆ. ಮಧ್ಯಮ ಬೆಳ್ಳಕ್ಕಿ ಎಗ್ರೆಟ್ಟಾದಲ್ಲೂ ಇತ್ತು, ಮೆಸೊಫಾಯ್ಕ್ಸ್ ಎಂಬ ಸ್ವಂತ ಕುಲದಲ್ಲೂ ಇತ್ತು. ಕೆರೆ ದಂಡೆಯಲ್ಲಿ ನಿಂತವರು ಗೊಂದಲಪಟ್ಟರೆ ನಾಚಿಕೆಯೇನಿಲ್ಲ.

ಗೋವಕ್ಕಿಯ ವಿಷಯ ಚಿಕ್ಕದು. ಗಿಡ್ಡ ಹಳದಿ ಕೊಕ್ಕಿನ ಕೆಳಗೆ ಗದ್ದದ ಗರಿಗಳು ಮುಂದಕ್ಕೆ ಚಾಚಿ ದವಡೆ ಊದಿದಂತೆ ಕಂಡರೆ ಅದು ಗೋವಕ್ಕಿಯೇ. ಉತ್ತ ಗದ್ದೆಯಲ್ಲಿ ನಿಂತ ಮಧ್ಯಮ ಬೆಳ್ಳಕ್ಕಿಯನ್ನು ಗೋವಕ್ಕಿ ಎಂದು ಬರೆದುಬಿಡುವ ತಪ್ಪನ್ನು ಇದೊಂದೇ ಗುರುತು ತಡೆಯಬಲ್ಲದು.

ಕರಾವಳಿಗೆ ಇಳಿದರೆ ಲೆಕ್ಕ ಬದಲಾಗುತ್ತದೆ. ಅಲ್ಲಿನ ಕರಾವಳಿ ಬಕಕ್ಕೆ (ಎಗ್ರೆಟ್ಟಾ ಗುಲಾರಿಸ್) ಬೂದುಗಪ್ಪು ರೂಪದ ಜೊತೆಗೆ ಬಿಳಿ ರೂಪವೂ ಇದೆ. ಕೊಕ್ಕು ಸಣ್ಣ ಬೆಳ್ಳಕ್ಕಿಯದಕ್ಕಿಂತ ದಪ್ಪ, ಬಣ್ಣ ಮಾಸಲು, ತುದಿಯ ಕಡೆ ತುಸು ಬಾಗು. ಗುಜರಾತಿನ ಕರಾವಳಿಯಲ್ಲಿ ಇವೆರಡರ ಸಂಕರ ಹಕ್ಕಿಗಳೂ ದಾಖಲಾಗಿವೆ. ಕಾರವಾರದ ಅಳಿವೆಯಿಂದ ಬಂದ ಚಿತ್ರಕ್ಕೆ ಒಳನಾಡಿನ ಕೆರೆಯ ಸೂತ್ರವನ್ನು ಹಚ್ಚುವಂತಿಲ್ಲ.

ಏಷ್ಯಾದ ನೀರಹಕ್ಕಿ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತಿದೆ. ಇಂಥ ಗಣತಿಗಳಿಗೂ ಈಗಿನ ಜಾಲತಾಣ ದಾಖಲೆಗಳಿಗೂ ಚಿತ್ರಗಳೇ ಪುರಾವೆಯಾಗುತ್ತಿರುವಾಗ, ಬಾಯಿಸೀಳು ಕಾಣದ, ಕುತ್ತಿಗೆ ಚಾಚಿರದ ಚಿತ್ರವೊಂದನ್ನೇ ಆಧರಿಸಿದ ಮಧ್ಯಮ ಬೆಳ್ಳಕ್ಕಿಯ ದಾಖಲೆಯನ್ನು ತಾತ್ಕಾಲಿಕವೆಂದೇ ಎಣಿಸಬೇಕು. ದಾಖಲಿಸುವವರಲ್ಲಿ ಕೋರಿಕೆ ಇಷ್ಟು: ಕತ್ತರಿಸದ ಮೂಲ ಚಿತ್ರವನ್ನು ದಿನಾಂಕ, ಸ್ಥಳಗಳೊಂದಿಗೆ ಉಳಿಸಿಕೊಳ್ಳಿ, ನಿರ್ಣಯಕ್ಕೆ ಆಧಾರವಾದ ಗುರುತನ್ನು ಒಂದು ಸಾಲಿನಲ್ಲಿ ಬರೆಯಿರಿ, ಗುರುತು ಸಿಗದಿದ್ದಾಗ ‘ಬಿಳಿ ಬೆಳ್ಳಕ್ಕಿ, ಪ್ರಭೇದ ಅನಿಶ್ಚಿತ’ ಎಂದು ದಾಖಲಿಸಿ.