ಸ್ವರದಿಂದ ಸ್ವರಕ್ಕೆ: ಸ್ಯಾಂಪಲ್ ವಾದ್ಯವೃಂದದ ಚರಿತ್ರೆಗೊಂದು ತಿದ್ದುಪಡಿ

ಸ್ಯಾಂಪಲ್‌ಗಳಿಂದ ಅಂದರೆ ಮುದ್ರಿಸಿಟ್ಟ ಧ್ವನಿತುಣುಕುಗಳಿಂದ ಕಟ್ಟಿದ ಹಿನ್ನೆಲೆ ಟ್ರ್ಯಾಕು ನಿಜವಾದ ವಾದ್ಯವೃಂದದಂತೆ ಕೇಳಿಸತೊಡಗಿದ್ದು ಕಂಪ್ಯೂಟರಿನ ಮೆಮೊರಿ ಹೆಚ್ಚಿದ್ದರಿಂದ ಎಂಬ ವಿವರಣೆ ಬರಹದಿಂದ ಬರಹಕ್ಕೆ ದಾಟುತ್ತಾ ಬಂದಿದೆ. ಅದಕ್ಕೆ ಆಧಾರವಾಗಿ ಮುಂದಿಡುವ ಫೇರ್‌ಲೈಟ್ ಎಂಬ ಸ್ಯಾಂಪ್ಲರ್ ಯಂತ್ರದ ಸಾಕ್ಷ್ಯವನ್ನು ಕಿವಿಗೊಟ್ಟು ಕೇಳಿದರೆ ಆ ವಿವರಣೆ ಅರ್ಧಕ್ಕೇ ನಿಲ್ಲುತ್ತದೆ.

1979ರ ಫೇರ್‌ಲೈಟ್ ಸಿಎಂಐಯಲ್ಲಿ ಒಂದು ಧ್ವನಿಗೆ ಇದ್ದ ಜಾಗ 16 ಕಿಲೋಬೈಟ್. ಅದರ 'ಆರ್ಕ್5' ಎಂಬ ಹೆಸರಾಂತ ಸ್ಯಾಂಪಲ್ ಸ್ಟ್ರಾವಿನ್‌ಸ್ಕಿಯ 'ಫೈರ್‌ಬರ್ಡ್' ಧ್ವನಿಮುದ್ರಿಕೆಯಿಂದ ಕತ್ತರಿಸಿಕೊಂಡ ಒಂದೇ ಹೊಡೆತವೆಂದು ಸಂಗೀತಶಾಸ್ತ್ರಜ್ಞ ರಾಬರ್ಟ್ ಫಿಂಕ್ 2005ರ ಲೇಖನದಲ್ಲಿ ವಿವರಿಸಿದ್ದಾರೆ. ಮೆಮೊರಿಯ ವಾದ ಹೂಡುವವರು ಈ ಲೇಖನವನ್ನು ಓದಲೇಬೇಕಿತ್ತು. ಆ ತುಣುಕಿನಲ್ಲಿ ಇರುವುದು ಪೂರ್ಣ ವಾದ್ಯವೃಂದವೇ. ಆದರೂ ಅದರಲ್ಲಿ ಒಂದು ರಾಗದ ಎಳೆ ನುಡಿಸಿದರೆ ಯಾರೂ ಮೋಸಹೋಗುವುದಿಲ್ಲ. ಷಡ್ಜದಲ್ಲಿ ಹಿಡಿದ ಹೊಡೆತವನ್ನು ಪಂಚಮಕ್ಕೆ ಏರಿಸಿದಾಗ ತುಣುಕು ಒಂದೂವರೆ ಪಟ್ಟು ವೇಗವಾಗಿ ಓಡುತ್ತದೆ. ಕಮಾನಿನ ಎಳೆತವೂ ಸಭಾಂಗಣದ ಮಾರ್ದನಿಯೂ ಮೂರರಲ್ಲಿ ಎರಡು ಪಾಲಿಗೆ ಇಳಿಯುತ್ತವೆ. ಪ್ರತಿ ಸ್ವರವೂ ಬೇರೆ ಅಳತೆಯ ಕೋಣೆಯಲ್ಲಿ ಹುಟ್ಟಿದಂತಾಗುತ್ತದೆ.

ಸ್ವರಸ್ವರವನ್ನೂ ಪ್ರತ್ಯೇಕವಾಗಿ ಮುದ್ರಿಸಿದರೆ ಈ ದೋಷ ಹೋಗುತ್ತದೆ, ಅದಕ್ಕೆ ಜಾಗ ಬೇಕು, ಇಷ್ಟನ್ನು ಒಪ್ಪಬೇಕು. 1998ರ ಗಿಗಾಸ್ಯಾಂಪ್ಲರ್ ತಂತ್ರಾಂಶ ಹಾರ್ಡ್ ಡಿಸ್ಕಿನಿಂದಲೇ ಧ್ವನಿ ಓದಿ ಆ ತೊಡಕನ್ನು ಬಹುಮಟ್ಟಿಗೆ ನೀಗಿಸಿತು. ಆದರೂ ಪಿಟೀಲುಗಳು ಪ್ರತಿ ಸ್ವರಕ್ಕೂ ಹೊಸದಾಗಿ ಕಮಾನು ಹಚ್ಚುವಂತೆ ಕೇಳಿಸುವುದು ತಪ್ಪಲಿಲ್ಲ. ತಪ್ಪಿಸಿದ್ದು ಚೆಲ್ಲೋ ವಾದಕ ಹರ್ಬ್ ಟುಕ್‌ಮಾಂಡ್ಲ್ ಸ್ಥಾಪಿಸಿದ ವಿಯೆನ್ನಾ ಸಿಂಫೋನಿಕ್ ಲೈಬ್ರರಿ ಎಂಬ ಸ್ಯಾಂಪಲ್ ಸಂಗ್ರಹ. ಒಂದು ಸ್ವರದಿಂದ ಇನ್ನೊಂದಕ್ಕೆ ಸಾಗುವ ಗಳಿಗೆಯನ್ನೇ ಅದು ಪ್ರತ್ಯೇಕವಾಗಿ ಮುದ್ರಿಸಿತು. ಯಂತ್ರದ ಗಾತ್ರದಿಂದ ಹೊಳೆಯುವ ಉಪಾಯ ಇದಲ್ಲ. ಕಮಾನು ಹಿಡಿದವನಿಗೆ ಗೊತ್ತಿದ್ದ ವಿದ್ಯೆ.

ಮದ್ದೂರು, ಮಳವಳ್ಳಿ ಸೀಮೆಯ ವೇದಿಕೆಗಳಲ್ಲಿ ಯಂತ್ರದ ಗಾತ್ರಕ್ಕೂ ನುಡಿಸುವವರ ವಿದ್ಯೆಗೂ ಇರುವ ಈ ಭೇದ ಎದ್ದು ಕಾಣುತ್ತದೆ. ರಸಮಂಜರಿಯಲ್ಲಿ ಸಿನಿಮಾ ಹಾಡಿಗೆ ಟ್ರ್ಯಾಕು ಸಲೀಸಾಗಿ ಒದಗುತ್ತದೆ. ಆದರೆ 'ಕುರುಕ್ಷೇತ್ರ' ನಾಟಕದಲ್ಲಿ ಪಾತ್ರಧಾರಿ ಕಂದಪದ್ಯ ಎಳೆದು ಹಾಡುವಾಗ, ಸಭೆ 'ಒನ್ಸ್ ಮೋರ್' ಎಂದಾಗ, ಕಾದು ನಿಂತು ಹಿಂಬಾಲಿಸುವವರು ಹಾರ್ಮೋನಿಯಂ ಮೇಷ್ಟ್ರೇ. ಟ್ರ್ಯಾಕಿನಂತೆ ಹಾರ್ಮೋನಿಯಂಗೂ ಗಮಕ ಬಾರದು ಎಂಬ ಆಕ್ಷೇಪ ನಿಜ. ಆದರೆ ಅದು ಗಾಯಕನ ಉಸಿರಿಗೆ ಹೊಂದಿಕೊಳ್ಳುತ್ತದೆ, ಮೊದಲೇ ಲಯ ಕಟ್ಟಿಟ್ಟ ಟ್ರ್ಯಾಕು ಹೊಂದಿಕೊಳ್ಳದು.

ಗಮಕದ ತೊಡಕು ಇನ್ನೂ ಆಳದ್ದು. ಪಾಶ್ಚಾತ್ಯ ಸ್ಯಾಂಪಲ್ ಲೈಬ್ರರಿಗಳು ಮುದ್ರಿಸಿದ್ದು ಹನ್ನೆರಡು ಸ್ವರಸ್ಥಾನಗಳ ನಡುವಿನ ಹಾದಿಗಳನ್ನು. ತೋಡಿಯ ಗಾಂಧಾರದ ಕಂಪಿತ ಅವುಗಳಲ್ಲಿ ಇಲ್ಲ. ಸ್ವರವನ್ನು ಬಾಗಿಸುವ ಪಿಚ್ ಬೆಂಡ್ ಚಕ್ರ ತಿರುಗಿಸಿದರೆ ಸ್ಯಾಂಪಲ್ಲಿನ ಪಿಟೀಲುಗಳೆಲ್ಲವೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಟ್ಟಿಗೆ ಬಾಗುತ್ತವೆ. ಮನುಷ್ಯರ ತಂಡ ಹಾಗೆ ಬಾಗುವುದಿಲ್ಲ. ಆದ್ದರಿಂದ ನುರಿತ ಸಂಯೋಜಕರು ಮೂರು ನಾಲ್ಕು ಏಕವ್ಯಕ್ತಿ ಪಿಟೀಲಿನ ಟ್ರ್ಯಾಕುಗಳನ್ನು ಬೇರೆಬೇರೆಯಾಗಿ ಬಾಗಿಸಿ, ಆರಂಭಗಳನ್ನು ಕೆಲವು ಮಿಲಿಸೆಕೆಂಡು ಹಿಂದೆಮುಂದೆ ಸರಿಸಿ, ಮೇಲೆ ಒಬ್ಬ ವಾದಕರಿಂದ ನಿಜವಾದ ಪಿಟೀಲು ನುಡಿಸಿ ಸೇರಿಸುತ್ತಾರೆ.