ಕೌದಿಯ ನಾಲ್ಕು ಮೂಲೆ

ಅವ್ವನ ವರ್ಷಾಂತಿಕ ಮುಗಿದ ಮೇಲೆ ಅವಳ ಟ್ರಂಕಿನೊಳಗಿನ ಸೀರೆಗಳನ್ನು ಅಕ್ಕ, ನಾನು ಹಂಚಿಕೊಂಡೆವು. ಉಡುವಂಥವನ್ನು ಅಕ್ಕ ಒಯ್ದಳು. ಉಟ್ಟುಟ್ಟು ಮೆತ್ತಗಾಗಿದ್ದ ನಾಲ್ಕು ಇಳಕಲ್ಲ ಸೀರೆ ನನ್ನ ಪಾಲಿಗೆ ಬಂದವು. ನಾನೇ ಕೇಳಿ ತೆಗೆದುಕೊಂಡದ್ದು. ಮಗಳು ಬಾಣಂತನಕ್ಕೆ ಬರುವಷ್ಟರಲ್ಲಿ ಒಂದು ಕೌದಿ ಹೊಲಿದಿಡಬೇಕೆಂಬ ಆಸೆ.

ನಡುವಿನ ಹೊಲಿಗೆಯೇನೋ ಚೆನ್ನಾಗಿ ಬಂತು. ಎರಡು ತಿಂಗಳು, ಊಟವಾದ ಮೇಲೆ ಕಿಟಕಿಯ ಹತ್ತಿರ ಕೂತು ಹೊಲಿದೆ. ಕೊನೆಗೆ ಉಳಿದದ್ದು ಗೋಟು, ಅಂದರೆ ನಾಲ್ಕೂ ಅಂಚಿಗೆ ಪಟ್ಟಿ ಮಡಿಸಿ ಹಚ್ಚುವ ಕೆಲಸ. ಕೆಂಪಗೆ ಕಾಣಲಿ ಎಂದು ಒಂದು ಸೀರೆಯ ರೇಶ್ಮೆ ಸೆರಗನ್ನೇ ಓರೆಯಾಗಿ ಪಟ್ಟಿಪಟ್ಟಿ ಕತ್ತರಿಸಿ, ಮಶಿನ್ನಿಗೆ ಕೊಟ್ಟು, ಎಳೆದೆಳೆದು ಸುತ್ತಲೂ ಹಚ್ಚಿಬಿಟ್ಟೆ. ಹಾಸಿ ನೋಡುತ್ತೇನೆ, ಕೌದಿ ನೆಲಕ್ಕೆ ಕೂಡಲೊಲ್ಲದು! ಒಂದು ಬದಿ ಸುಟ್ಟ ಹಪ್ಪಳದಂತೆ ಒಳಕ್ಕೆ ಸುರುಳಿ. ಎದುರಿನ ಬದಿ ಅಲೆಅಲೆ. ಒಂದು ಮೂಲೆಯಂತೂ ಕೈಯಿಂದ ಒತ್ತಿ ಹಿಡಿದರೂ ಮತ್ತೆ ಎದ್ದು ಕೂಡುತ್ತಿತ್ತು. ಬೇರೆ ಬಟ್ಟೆಯಾಗಿದ್ದರೆ ಪೇಟೆಗೆ ಹೋಗಿ ಇನ್ನೊಂದು ಮೀಟರು ತರಬಹುದಿತ್ತು. ಅವ್ವನ ಸೆರಗನ್ನು ಯಾವ ಅಂಗಡಿಯಲ್ಲಿ ಕೇಳಲಿ?

ಇಂಥ ಪೇಚು ನನ್ನಂಥ ಅರೆಬರೆ ಕಲಿತವರಿಗೆ ಮಾತ್ರ ಎಂದುಕೊಂಡಿದ್ದೆ. ಆ ದಿನಗಳಲ್ಲೇ ನಮ್ಮೂರ ವಾಚನಾಲಯದಿಂದ ಬೌದ್ಧ ಭಿಕ್ಷುಗಳ ನಿಯಮಗಳ ಪುಸ್ತಕವೊಂದನ್ನು ತಂದಿದ್ದೆ. ವಿನಯಪಿಟಕದ ಮಹಾವಗ್ಗ, ಚುಲ್ಲವಗ್ಗ ಎಂಬ ಭಾಗಗಳು. ವೈರಾಗ್ಯದ ಮಾತು ಇರಬಹುದೆಂದು ತೆರೆದರೆ ಅಲ್ಲಿ ಸೂಜಿ ದಾರದ ಸಂಗತಿ!

ಭಿಕ್ಷುಗಳು ಉಡುತ್ತಿದ್ದದ್ದು ಚಿಂದಿಯನ್ನು ಕೂಡಿಸಿ ಹೊಲಿದ ಚೀವರ. ಬುದ್ಧ ಮಗಧದ ಗದ್ದೆಗಳನ್ನು, ಅವುಗಳ ಸಾಲುಗಳನ್ನು, ಬದುಗಳನ್ನು ಆನಂದನಿಗೆ ತೋರಿಸಿ, ಚೀವರವನ್ನು ಹೀಗೆ ಮಾಡಲು ಬಂದೀತೇ ಎಂದು ಕೇಳಿದನಂತೆ. ಆನಂದ ಮಾಡಿ ತೋರಿಸಿದ. ಈ ಕಥೆ ಹಲವರಿಗೆ ಗೊತ್ತು. ಆಮೇಲಿನದು ಅಷ್ಟಾಗಿ ಗೊತ್ತಿಲ್ಲ. ಚೀವರದ ಮೂಲೆ ಸೊಟ್ಟಗಾಯಿತು. ಸೊಟ್ಟ ಮೂಲೆಯನ್ನು ತೆಗೆದುಹಾಕಬಹುದೆಂದು ಅಪ್ಪಣೆಯಾಯಿತು. ಅಂಚಿನ ಎಳೆಗಳು ಬಿಚ್ಚತೊಡಗಿದವು. ಸುತ್ತಲೂ ಪಟ್ಟಿ ಹಚ್ಚಬಹುದೆಂದು ಅಪ್ಪಣೆಯಾಯಿತು. ಆ ಅಂಚುಪಟ್ಟಿಗೆ ಪಾಲಿಯಲ್ಲಿ ಅನುವಾತ, ಪರಿಭಂಡ ಎಂಬ ಹೆಸರುಗಳಿವೆ. ನಮ್ಮ ಗೋಟೇ ಅದು.

ಅಷ್ಟಕ್ಕೇ ನಿಲ್ಲಲಿಲ್ಲ. ಹೊಲಿಯುವಾಗ ಬಟ್ಟೆ ಜಗ್ಗಿ ಮೂಲೆ ಓರೆಯಾಗುತ್ತದೆಂದು ಕಠಿನ ಎಂಬ ಚೌಕಟ್ಟು ಬಂತು. ಬಟ್ಟೆಯನ್ನು ಅದರ ಮೇಲೆ ಹರಡಿ ಹಗ್ಗದಿಂದ ಬಿಗಿದು ಹೊಲಿಯಬೇಕು. ಹೊಲಿಗೆಗಳ ನಡುವಿನ ಅಂತರ ಹೆಚ್ಚುಕಡಿಮೆಯಾದಾಗ ಅದಕ್ಕೊಂದು ಗುರುತಿನ ಸಾಧನ. ಹೊಲಿಗೆ ಡೊಂಕಾದಾಗ ಮೋಘಸುತ್ತಕ, ಅಂದರೆ ಸುಳ್ಳು ದಾರ. ನಾವು ಕಚ್ಚಾ ಹೊಲಿಗೆ ಹಾಕಿಕೊಳ್ಳುತ್ತೇವಲ್ಲ, ಅಂಥದು. ಬೆರಳಿಗೆ ಸೂಜಿ ಚುಚ್ಚಿದಾಗ ಅಂಗುಸ್ತಾನಕ್ಕೂ ಅಪ್ಪಣೆ ಸಿಕ್ಕಿತು. ಕೆಲವರು ಬೆಳ್ಳಿ ಬಂಗಾರದ್ದನ್ನೇ ಇಟ್ಟುಕೊಳ್ಳಲು ಹೋಗಿ ಬೈಸಿಕೊಂಡರು. ಸಂಸಾರ ಬಿಟ್ಟವರಿಗೂ ಅಂಚಿನ ಕಾಟ ತಪ್ಪಲಿಲ್ಲವೆಂದು ಓದಿ, ಖರೆ ಹೇಳಬೇಕೆಂದರೆ, ನನಗೆ ಬಹಳ ಸಮಾಧಾನವಾಯಿತು.

ಓದುತ್ತ ನನ್ನ ತಪ್ಪೂ ತಿಳಿಯುತ್ತ ಬಂತು. ಅವರು ಚೌಕಟ್ಟನ್ನು ಮೊದಲು ಕಟ್ಟಿಕೊಂಡು ಆಮೇಲೆ ಸೂಜಿ ಹಿಡಿದರು. ನಾನು ನಡುವನ್ನೆಲ್ಲ ಮುಗಿಸಿ ಅಂಚಿನ ಕಡೆ ನೋಡಿದೆ.

ನಾನು ಸಣ್ಣವಳಿದ್ದಾಗ ಬೇಸಿಗೆಯಲ್ಲಿ ನಮ್ಮ ಓಣಿಗೆ ಕೌದಿ ಹೊಲಿಯುವ ಹೆಂಗಸರು ಬರುತ್ತಿದ್ದರು. ಅಂಗಳ ಸಾರಿಸಿ ಒಣಗಿದ ಮೇಲೆ ಒಂದು ಹಳೆಯ ಸೀರೆಯನ್ನು ಹಾಸಿ, ನಾಲ್ಕು ಮೂಲೆಗೂ ಕಲ್ಲು ಇಡುತ್ತಿದ್ದರು. ಅಳತೆಗೆ ಮೊಳಕೈ, ಗೇಣು. ಮೂಲೆಯಿಂದ ಮೂಲೆಗೆ ಅಡ್ಡಡ್ಡ ದಾರ ಹಿಡಿದು, ಮತ್ತೊಂದು ಜೋಡಿ ಮೂಲೆಗೂ ಅದೇ ದಾರ ಹಿಡಿದು ನೋಡುತ್ತಿದ್ದರು. ಎರಡೂ ಒಂದೇ ಆದರೆ ಚೌಕ ಸರಿ, ಇಲ್ಲದಿದ್ದರೆ ಕಲ್ಲು ಸರಿಸುವುದು. ನಾನು ಸೀರೆಯ ತುದಿ ಹಿಡಿದು ಜಗ್ಗಿದರೆ ಮುದುಕಿಯೊಬ್ಬಳು ಗದರುತ್ತಿದ್ದಳು: "ಏ ತಂಗಿ, ಜಗ್ಗಬ್ಯಾಡ. ಜಗ್ಗಿದ ಅರಿವಿ ರಾತ್ರಿಗೆ ತನ್ನ ಜಾಗಾಕ್ಕ ಹೊಳ್ಳಿ ಹೋಗತೈತಿ." ಅವರು ಸುತ್ತಲಿನ ಅಂಚನ್ನು ಮೊದಲು ಮಡಿಸಿ ಹೊಲಿದು, ಸಾಲಿನ ಒಳಗೆ ಸಾಲು ಹಾಕುತ್ತ ನಡುವಿಗೆ ಬರುತ್ತಿದ್ದರು. ಇದನ್ನೆಲ್ಲ ಕಣ್ಣಾರೆ ನೋಡಿದವಳು ನಾನು. ಆದರೂ ಮಶಿನ್ನಿನ ಮುಂದೆ ಕೂತಾಗ ಒಂದೂ ನೆನಪಾಗಲಿಲ್ಲ.

ಇದೇ ಕ್ರಮವನ್ನು ಇನ್ನೂ ಚೆಂದವಾಗಿ ಕಂಡದ್ದು ಯಲ್ಲಾಪುರದ ಕಡೆ ನೆಂಟರ ಮನೆಗೆ ಹೋದಾಗ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನ ಹಳ್ಳಿಗಳಲ್ಲಿ ಸಿದ್ದಿ ಜನ ಇದ್ದಾರೆ. ಅವರ ಹಿರಿಯರು ಆಫ್ರಿಕದಿಂದ ಬಂದವರು. ಅನೇಕರನ್ನು ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದಿದ್ದರು. ಅಲ್ಲಿಂದ ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಸರಕಾರ ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ. ಅವರಲ್ಲಿ ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು ಮೂವರೂ ಇದ್ದಾರೆ, ಮೂವರ ಮನೆಯ ಹೆಂಗಸರೂ ಕೌದಿ ಹೊಲಿಯುತ್ತಾರೆ. ಅದನ್ನು ಕವಂದಿ ಎನ್ನುತ್ತಾರೆ.

ಕವಂದಿ ಶುರುವಾಗುವುದು ಮೂಲೆಯಿಂದ. ಕೆಳಗೆ ಒಂದು ಸೀರೆ. ಅದರ ಅಂಚನ್ನೂ ಮೇಲಿನ ತುಂಡಿನ ಅಂಚನ್ನೂ ಒಟ್ಟಿಗೇ ಒಳಕ್ಕೆ ಮಡಿಸಿ ಹೊಲಿಯುತ್ತ ಹೋಗುತ್ತಾರೆ. ತುಂಡು ಮುಗಿದಲ್ಲಿ ಮತ್ತೊಂದು ತುಂಡು. ಹೀಗೆ ಸುತ್ತುತ್ತ ಸುತ್ತುತ್ತ ಕೊನೆಯ ಹೊಲಿಗೆ ನಡುವಿನಲ್ಲಿ ಬೀಳುತ್ತದೆ. ಬೇರೆ ಗೋಟಿನ ಮಾತೇ ಇಲ್ಲ. ಅಂಚು ಮೊದಲ ದಿನವೇ ಆಗಿಹೋಗಿರುತ್ತದೆ, ಮುಂದಿನ ಪ್ರತಿ ಹೊಲಿಗೆಯೂ ಅದಕ್ಕೆ ಹೊಂದಿಕೊಂಡೇ ಬರಬೇಕು. ನಾಲ್ಕು ಮೂಲೆಗೂ ಬಟ್ಟೆಯನ್ನು ಪದರಪದರವಾಗಿ ಮಡಿಸಿ ಮುಕ್ಕೋನ ಮಾಡಿ ಕೂಡಿಸುತ್ತಾರೆ. ಅದಕ್ಕೆ ಫುಲ, ಅಂದರೆ ಹೂವು ಎಂದು ಹೆಸರು. ಅದಿಲ್ಲದ ಕವಂದಿ ಮೈಮೇಲೆ ಬಟ್ಟೆಯಿಲ್ಲದಂತೆ ಎನ್ನುವುದುಂಟು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಈ ಕೌದಿಗಳ ಬೆನ್ನು ಹತ್ತಿ ಬಂದರು. 2011ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಅವುಗಳ ಪ್ರದರ್ಶನವೂ ನಡೆಯಿತು. ಅದನ್ನು ನೋಡಿದ ಅಮೆರಿಕದ ಹೆಂಗಸರಿಗೆ ಈ ಕ್ರಮ ತಲೆಕೆಳಗಾಗಿ ಕಂಡಿರಬೇಕು. ಅವರ ಕೌದಿಗಳಲ್ಲಿ ಅಂಚುಪಟ್ಟಿ ಸಾಮಾನ್ಯವಾಗಿ ಎಲ್ಲಕ್ಕಿಂತ ಕೊನೆಯ ಕೆಲಸ.

ಹಾಗೆಂದು ಕೊನೆಗೆ ಗೋಟು ಹಚ್ಚುವುದೇ ತಪ್ಪೆಂದಲ್ಲ. ಅದಕ್ಕೂ ಮೊದಲಿನಿಂದ ಲೆಕ್ಕ ಇಟ್ಟುಕೊಂಡಿರಬೇಕು. ನಡುವೆ ಒತ್ತಾಗಿ ಹೊಲಿದಷ್ಟೂ ಕೌದಿ ಅಲ್ಲಿ ಸೇದಿಕೊಳ್ಳುತ್ತದೆ, ಹೊಲಿಗೆ ಕಡಿಮೆಯಿರುವ ಅಂಚು ಉದ್ದವಾಗಿಯೇ ಉಳಿಯುತ್ತದೆ. ಆದ್ದರಿಂದ ಪಟ್ಟಿಯ ಅಳತೆಯನ್ನು ಅಂಚಿನ ಮೇಲೆ ತೆಗೆಯಬಾರದು. ಕೌದಿಯ ನಟ್ಟನಡುವೆ ಟೇಪು ಹಿಡಿದು ತೆಗೆಯಬೇಕು. ಎದುರುಬದುರಿನ ಎರಡು ಪಟ್ಟಿಗೂ ಒಂದೇ ಅಳತೆ. ಪಟ್ಟಿಯನ್ನು ಸೀರೆಯ ದಡಿಗೆ ಸಮನಾಗಿ ಉದ್ದಕ್ಕೆ ಕತ್ತರಿಸಬೇಕು, ಆ ಎಳೆ ಅಷ್ಟಾಗಿ ಜಗ್ಗುವುದಿಲ್ಲ. ಓರೆಯಾಗಿ ಕತ್ತರಿಸಿದ್ದು ರಬ್ಬರಿನಂತೆ ಜಗ್ಗುತ್ತದೆ. ಜಂಪರಿನ ಕೊರಳಿಗೆ ಅದು ಬೇಕು, ಕೌದಿಯ ನೇರ ಅಂಚಿಗಲ್ಲ. ಪಟ್ಟಿಯ ಎರಡು ತುದಿ, ಆಮೇಲೆ ನಡು, ಆಮೇಲೆ ಉಳಿದ ಕಡೆ ಟಾಚಣಿ ಚುಚ್ಚಿ, ಹೆಚ್ಚಾದ ಅಂಚನ್ನು ಸಮನಾಗಿ ಹಂಚಿ ಹೊಲಿಯಬೇಕು. ಮೂಲೆಗೆ ಇನ್ನೂ ಕಾಲು ಇಂಚು ಇರುವಾಗಲೇ ನಿಲ್ಲಿಸಿ, ಪಟ್ಟಿಯನ್ನು ಓರೆಯಾಗಿ ಹೊರಕ್ಕೆ ಮಡಿಸಿ, ಮತ್ತೆ ಕೆಳಕ್ಕೆ ಇಳಿಸಿ, ಹೊಸ ಬದಿಯನ್ನು ತುದಿಯಿಂದ ಹೊಲಿಯತೊಡಗಿದರೆ ಮೂಲೆ ತಾನಾಗಿ ಕೂಡುತ್ತದೆ.

ಬಿಚ್ಚುವುದಕ್ಕೇ ನಾಲ್ಕು ಮಧ್ಯಾಹ್ನ ಹಿಡಿದವು. ರೇಶ್ಮೆಯ ಪಟ್ಟಿಗಳ ತುಂಬ ಸೂಜಿಯ ತೂತು. ದಾರ ಹಿಡಿದು ಮೂಲೆಯಿಂದ ಮೂಲೆಗೆ ಅಳೆದರೆ ಎರಡು ಬೆರಳಿನಷ್ಟು ವ್ಯತ್ಯಾಸ. ಹೆಚ್ಚಾದದ್ದನ್ನು ಕತ್ತರಿಸುವಾಗ ಕೈ ನಡುಗಿತು, ಆದರೂ ಕತ್ತರಿಸಿದೆ. ಈ ಸಲ ಗೋಟಿಗೆ ಸೀರೆಯ ಒಡಲಿನ ನೂಲಿನ ಬಟ್ಟೆ, ದಡಿಯ ಪಕ್ಕದ್ದು. ಮಶಿನ್ನಿಗೆ ಮುಸುಕು ಹಾಕಿ ಕೈಯಲ್ಲೇ ಹೊಲಿದೆ. ಕೌದಿ ಈಗ ನೆಲಕ್ಕೆ ಅಂಟಿ ಮಲಗುತ್ತದೆ.

ಕೆಂಪು ಸೆರಗನ್ನು ಎಸೆಯಲು ಮನಸ್ಸು ಬರಲಿಲ್ಲ. ತೂತು ಬೀಳದ ತುಂಡುಗಳನ್ನು ಆರಿಸಿ, ಸಿದ್ದಿ ಹೆಂಗಸರು ಮಾಡುವಂತೆ ಮಡಿಸಿ ಮೂಲೆಗಳಿಗೆ ಹಚ್ಚಿದೆ. ಮೂರು ಮೂಲೆಗೆ ಸಾಕಾಯಿತು. ನಾಲ್ಕನೆಯದಕ್ಕೆ, ಒಯ್ದ ಸೀರೆಯೊಂದರ ಸೆರಗಿನಿಂದ ಒಂದು ಗೇಣು ಕೊಡೆಂದು ಅಕ್ಕನಿಗೆ ಫೋನು ಮಾಡಿದ್ದೇನೆ. ಅವಳು ಇನ್ನೂ ಹೂಂ ಅಂದಿಲ್ಲ.